ಹಿಂದಿನ ಸೀಟು

ವಿದ್ಯಾನಗರದ ಕೋರ್ಟಿನಲ್ಲಿ ನನ್ನ ಕೆಲಸ ಇಷ್ಟೆ:
ಯಾರೋ ಕನ್ನಡದಲ್ಲಿ ‘ನಾನು’ ಅಂದರೆ
ಅವರ ಪಕ್ಕ ನಿಂತು ಮಲಯಾಳದಲ್ಲಿ ‘ಞಾನ್’ ಅನ್ನುವುದು.
ಹೀಗೆ ಹತ್ತೊಂಬತ್ತು ವರ್ಷದಲ್ಲಿ
ಕೋಳಿಅಂಕದಲ್ಲಿ ಸಿಕ್ಕಿಬಿದ್ದಿದ್ದೇನೆ,
ಅಣ್ಣನ ಗಡಿಕಲ್ಲು ಕಿತ್ತಿದ್ದೇನೆ,
ಗಂಡನ ಮೇಲೆ ದೂರು ಕೊಟ್ಟು
ಮರುವಾರ ವಾಪಸು ಪಡೆದಿದ್ದೇನೆ.
ಸಂಜೆ ಐದರ ಬಸ್ಸು ಹತ್ತುವಾಗ
ಯಾವ ಕೇಸೂ ನನ್ನ ಮೇಲಿರುವುದಿಲ್ಲ.

ಆವತ್ತು ಕರೆದದ್ದು ಜಲಜಾಕ್ಷಿಯನ್ನು.
ಸೀತಾಂಗೋಳಿಯಲ್ಲಿ ರವಕೆ ಹೊಲಿಯುವವಳು.
ಅವಸರದಲ್ಲಿ ಅಳತೆಪಟ್ಟಿ ಕೊರಳಲ್ಲೇ ಉಳಿದಿತ್ತು,
ಅವಳೂ ಒಬ್ಬ ವಕೀಲೆಯೋ ಎಂಬ ಹಾಗೆ.

ಮೇಜಿನ ಮೇಲೆ ಕ್ಯಾಮರಾ ತೆಗೆದ ಫೋಟೊ.
ಸ್ಕೂಟರಿನಲ್ಲಿ ಇಬ್ಬರು.
ಮುಂದಿನವಳಿಗೆ ಹೆಲ್ಮೆಟ್ ಉಂಟು,
ಹಿಂದಿನವಳಿಗಿಲ್ಲ. ಐನೂರು ರೂಪಾಯಿ.

“ಹಿಂದೆ ಕೂತದ್ದು ಗೊಂಬೆ, ಸ್ವಾಮಿ.
ಅಂಗಡಿ ಬದಲಿಸುವಾಗ ಹಗ್ಗದಲ್ಲಿ ಕಟ್ಟಿ ತಂದದ್ದು.
ರವಕೆ ತೊಡಿಸಿ ಇಡುವ ಗೊಂಬೆ,
ಅದಕ್ಕೆ ತಲೆಯೇ ಇಲ್ಲ, ಕುತ್ತಿಗೆಗೆ ಮುಗಿಯುತ್ತದೆ.
ಎಂತದಕ್ಕೆ ಹಾಕುವುದು ಹೆಲ್ಮೆಟ್?”

ಞಾನ್ ಅಂದೆ. ಕುತ್ತಿಗೆ ಮುಟ್ಟಿ ತೋರಿಸಿ
ತಲ ಇಲ್ಲ ಅಂದೆ.
ಗುಮಾಸ್ತರು ಕಡತದ ಮರೆಯಲ್ಲಿ ನಕ್ಕರು.

ಮ್ಯಾಜಿಸ್ಟ್ರೇಟರು ಸಣ್ಣ ಪ್ರಾಯದವರು, ಕೆಟ್ಟವರಲ್ಲ.
ಫೋಟೊ ಓರೆ ಮಾಡಿ ಬೆಳಕಿಗೆ ಹಿಡಿದರು.
ಗೊಂಬೆಗೆ ಸುತ್ತಿದ ಸೀರೆಯ ಸೆರಗು ಗಾಳಿಗೆ ಎದ್ದು
ತಲೆಯಿರಬೇಕಾದಲ್ಲಿ ಒಂದು ತಲೆ ಮಾಡಿಕೊಂಡಿತ್ತು.
“ಪಿೞ ಅಡಚ್ಚಾಲ್ ಇನ್ನ್ ತನ್ನೆ ತೀರುಂ,” ಅಂದರು.

ಅವರ ಮಾತಿನಲ್ಲಿ ತಪ್ಪಿಗೂ ಪಿೞ,
ತಪ್ಪಿಗೆ ಕಟ್ಟುವ ಹಣಕ್ಕೂ ಪಿೞ.
ನಮ್ಮ ಮಾತಿನಲ್ಲಿ ಕಟ್ಟುವ ಹಣ ದಂಡ,
ಪೋಲಾಗಿ ಹೋದದ್ದೂ ದಂಡ.
ಆ ೞ ನಮ್ಮಲ್ಲೂ ಇತ್ತು ಒಂದು ಕಾಲಕ್ಕೆ, ಎಲ್ಲಿ ಬಿತ್ತೋ.
ನಾವು ಕಳಕೊಂಡ ಅಕ್ಷರದಲ್ಲಿ ಅವರಿಗೆ
ದಿನಾ ಮಳೆ ಬರುತ್ತದೆ, ಹೊಳೆ ಹರಿಯುತ್ತದೆ,
ಬಾಳೆ ಗೊನೆ ಹಾಕುತ್ತದೆ.

“ದಂಡ ಕಟ್ಟಿದರೆ ಇವತ್ತೇ ಮುಗಿಯುತ್ತದಂತೆ,” ಅಂದೆ.

ಜಲಜಾಕ್ಷಿ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.
“ಮೂರು ಸಲ ಬಂದೆ. ಪೆಟ್ರೋಲಿಗೇ ಮುನ್ನೂರಾಯಿತು.
ಮದುವೆಯ ಎಂಟು ರವಕೆ ಹಾಗೇ ಬಾಕಿ.
ಎಲ್ಲ ದಂಡವೇ, ನನಗೆ ಗೊತ್ತುಂಟು.
ಆದರೆ ಸ್ವಾಮಿ, ಆ ದಂಡ ಬೇರೆ, ಈ ದಂಡ ಬೇರೆ.
ನಾನು ಒಪ್ಪುವುದಿಲ್ಲ.”

ಆ ದಂಡ ಬೇರೆ, ಈ ದಂಡ ಬೇರೆ.
ಕೋರ್ಟಿಗೆ ಕೋರ್ಟೇ ನನ್ನ ಮುಖ ನೋಡಿತು.
ಫ್ಯಾನು ತಿರುಗುತ್ತಿತ್ತು.
ಬಾಯಿಯೊಳಗೆ ಹುಡುಕಿದೆ, ಇರಲಿಲ್ಲ.
ಕೊನೆಗೆ ‘ಸಮ್ಮತಿಕ್ಕುನ್ನಿಲ್ಲ’ ಎಂದು
ಕಡೆಯ ಸಾಲನ್ನಷ್ಟೇ ದಾಟಿಸಿದೆ,
ಉಳಿದದ್ದನ್ನು ನುಂಗಿದೆ.

ಮುಂದಿನ ತಾರೀಕು ಹದಿನೇಳು.
ಗೊಂಬೆಯನ್ನು ಹಾಜರುಪಡಿಸತಕ್ಕದ್ದು.

ಹೊರಗೆ ಚಾದ ಗೂಡಂಗಡಿಯ ಹತ್ತಿರ
ಅವಳೇ ತಡೆದು ನಿಲ್ಲಿಸಿದಳು.
“ಮಲಯಾಳ ನನಗೂ ಬರುತ್ತದೆ ಸಾರ್,
ಬಟನ್ನು, ನೂಲು, ಲೈನಿಂಗು ಎಲ್ಲ ಅದರಲ್ಲೇ ತರುವುದು.
ಸಿಟ್ಟು ಮಾತ್ರ ಕನ್ನಡದಲ್ಲಿ ಬರುತ್ತದೆ,
ಅದಕ್ಕೇ ನಿಮ್ಮನ್ನು ಕೇಳಿದ್ದು.
ನೀವು ಹೇಳಿದ್ದು ಸರಿಯೇ. ಆದರೆ
ನಿಮ್ಮ ಬಾಯಲ್ಲಿ ನಾನು ಚೂರು ಹೆದರಿದ ಹಾಗೆ ಕೇಳಿತು.
ಹದಿನೇಳಕ್ಕೆ ಸ್ವಲ್ಪ ಗಟ್ಟಿ ಹೇಳಿ, ಆಯಿತಾ?”

ಹೆಲ್ಮೆಟಿನ ಪಟ್ಟಿ ಗಲ್ಲದಡಿ ಬಿಗಿದು ಹೊರಟಳು.
ಹಿಂದಿನ ಸೀಟು ಖಾಲಿ.

ಐದರ ಬಸ್ಸಿನಲ್ಲಿ ಕಂಡಕ್ಟರ್ ಕೈಚಾಚಿದಾಗ
‘ಒಂದು ಕುಂಬಳೆ’ ಅಂದೆ,
ಒಂದು ಟಿಕೆಟಿಗೆ ಬೇಕಾದ್ದಕ್ಕಿಂತ ಜೋರಾಗಿ.
ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು.